ಭಾವನ ಪಕ್ಕದ ಸೀಟು

ಪುಟ್ಟೀ, ಚಿನ್ನೂ,

ಹೋದ ತಿಂಗಳು ನೀವಿಬ್ಬರೂ ಬಂದಾಗ ನನ್ನನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗುತ್ತೇವೆ ಅಂದಿರಿ. ಹಜಾರದಲ್ಲಿ ಎರಡು ಕುರ್ಚಿ ಜೋಡಿಸಿ, ನನ್ನ ಸೆರಗನ್ನೇ ಬೆಲ್ಟಿನ ಹಾಗೆ ಸೊಂಟಕ್ಕೆ ಸುತ್ತಿ, ಹೇಗೆ ಕೂರಬೇಕು, ಏನು ಕೇಳಬಾರದು ಎಂದೆಲ್ಲ ಆಟವಾಡಿ ತೋರಿಸಿದಿರಿ. ನಾನು ಬರುವುದಿಲ್ಲ ಅಂದೆ. ಊಟಕ್ಕೆ ಬಂದಿದ್ದ ನಿಮ್ಮ ದೊಡ್ಡಮನೆಯ ಅತ್ತೆ ಬಾಯಿ ತೆರೆದಳು.

"ನಿಮ್ಮಜ್ಜಿಗೆ ವಿಮಾನ ಅಂದ್ರೆ ಮೊದ್ಲಿಂದ್ಲೂ ಪುಕ್ಕಲು ಕಣ್ರೋ. ಕಟ್ಟಿಕೊಂಡ ಗಂಡ ಬೊಂಬಾಯಲ್ಲಿ ಸಾಯಾಕೆ ಬಿದ್ದಿದ್ರೂ ಹತ್ನಿಲ್ಲ, ಗೊತ್ತಾ?"

ನೀವು ನಕ್ಕಿರಿ. ನಿಮ್ಮ ತಪ್ಪೇನಿಲ್ಲ, ನಿಮ್ಮಪ್ಪನಿಗೂ ಚಿಕ್ಕಂದಿನಿಂದ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಜನರ ಮುಂದೆ ಎದ್ದು ನಿಂತು ಇಲ್ಲ ಅನ್ನುವುದು ನನಗೆ ಬರುವುದಿಲ್ಲ. ಒಮ್ಮೆ ಪ್ರಯತ್ನಪಟ್ಟೆ, ಅದೂ ಇದರಲ್ಲಿ ಬರುತ್ತದೆ. ಯಸಳೂರಿನ ಶಾಲೆಯಲ್ಲಿ ಕಲಿತಷ್ಟು ಅಕ್ಷರ ಇದೆ, ಅದರಲ್ಲಿ ಬರೆಯುತ್ತೇನೆ. ನಾನು ವಿಮಾನ ಹತ್ತಿದ್ದೆ. ಹತ್ತಿದವಳನ್ನು ಇಳಿಸಿದರು.

ನಿಮ್ಮ ತಾತನ ಅಣ್ಣ, ಎಂದರೆ ನನ್ನ ಭಾವ, ನಮ್ಮ ಮನೆಯ ಯಜಮಾನರು. ಬೆಳಗೋಡಿನ ಕಡೆಯ ನಮ್ಮ ತೋಟ ಸಣ್ಣದೇನಲ್ಲ, ಆದರೆ ಎಸ್ಟೇಟ್ ಎಂದು ಕರೆಸಿಕೊಳ್ಳುವಷ್ಟು ದೊಡ್ಡದೂ ಅಲ್ಲ. ಭಾವನಿಗೆ ಅದು ಎಸ್ಟೇಟೇ ಆಗಬೇಕಿತ್ತು. ಕಾಫಿ ಮಾರಾಟದ ಯಾವುದೋ ಸಭೆಗೆಂದು ಅವರು ಒಮ್ಮೆ ಬೊಂಬಾಯಿಗೆ ವಿಮಾನದಲ್ಲಿ ಹೋಗಿ ಬಂದರು. ನಮ್ಮ ಹೋಬಳಿಯಲ್ಲಿ ಹಾಗೆ ಹೋದವರಲ್ಲಿ ಅವರೇ ಮೊದಲಿರಬೇಕು. ಹೋಗಿ ಬಂದಮೇಲೆ ಮನೆಯಲ್ಲಿ ಊಟ ಮಾಡುವುದೇ ಕಷ್ಟವಾಯಿತು. ಯಾರಾದರೂ ಸಾರು ಸೊರ್ ಎಂದು ಹೀರಿದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ತೇಗಿದ ಆಳನ್ನು ಎಲೆಯ ಮುಂದಿನಿಂದ ಎಬ್ಬಿಸಿ ಅಂಗಳಕ್ಕೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಆತ ತೋಟದಲ್ಲಿ ಬೆಳಗಿನಿಂದ ನೆರಳುಮರ ಹತ್ತಿ ಕೊಂಬೆ ಕಡಿದು ಮರಗಸಿ ಮಾಡಿ ಬಂದವನು, ಎಲೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು. "ವಿಮಾನದಲ್ಲಿ ಹಿಂಗೆ ತೇಗಿದ್ರೆ ಮ್ಯಾಲಿಂದ್ಲೇ ಕೆಳಕ್ಕೆ ದಬ್ತಾರೆ" ಎಂದು ಭಾವ ಹೇಳಿದಾಗ ಉಳಿದವರೆಲ್ಲ ನಕ್ಕರು. ಅಂಗಳದಲ್ಲಿ ನಿಂತವನೂ ನಗಬೇಕಾಯಿತು.

ಇಷ್ಟು ನಾಗರಿಕತೆ ಕಲಿತು ಬಂದರೂ ಮನೆಯ ಹಳೆಯ ಪದ್ಧತಿಗಳಲ್ಲಿ ಒಂದನ್ನೂ ಅವರು ಬಿಡಲಿಲ್ಲ. ಅದರಲ್ಲಿ ನನಗೆ ಸಂಬಂಧಪಟ್ಟದ್ದು ಒಂದಿತ್ತು. ತಮ್ಮನ ಹೆಂಡತಿ ಭಾವನ ಎದುರು ಕೂರಬಾರದು, ಅವರ ಜೊತೆ ನೇರವಾಗಿ ಮಾತಾಡಬಾರದು, ಅವರನ್ನು ಮುಟ್ಟಬಾರದು. ನಡುಮನೆಯಲ್ಲಿ ಅವರಿದ್ದರೆ ನಾನು ಬಾಗಿಲ ಹಿಂದೆ ನಿಂತಿರಬೇಕು, ಇಲ್ಲವೇ ಅಡುಗೆಮನೆಯ ನೆಲದ ಮೇಲೆ. ಬಡಿಸುವಾಗ ಕೈಗೆ ಕೈ ತಾಗಿದರೆ ಇಬ್ಬರೂ ಸ್ನಾನ ಮಾಡಬೇಕು. ಮದುವೆಯಾದ ಹೊಸತರಲ್ಲಿ ಒಮ್ಮೆ ಮಜ್ಜಿಗೆ ಬಿಡುವಾಗ ನನ್ನ ಬಳೆ ಅವರ ಬೆರಳಿಗೆ ತಾಗಿತು. ಜ್ವರವಿದ್ದರೂ ನನ್ನನ್ನು ಬಚ್ಚಲಿಗೆ ಕಳಿಸಿದರು. ಅವರಿಗೆ ನನ್ನಿಂದ ಏನಾದರೂ ಬೇಕಾದರೆ ಕಂಬದ ಕಡೆ ಮುಖ ಮಾಡಿ, "ನೀರು ತರಕ್ಕೆ ಹೇಳಿ" ಅನ್ನುತ್ತಿದ್ದರು. ನಾನು ತಂದು ದೂರದಲ್ಲಿ ಇಡುತ್ತಿದ್ದೆ. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ. ಇದು ಜಗಳವಲ್ಲ, ಮರ್ಯಾದೆ. ಬಾಗಿಲ ಹಿಂದೆ ನಿಂತು ನಿಂತು ನನಗೆ ಅದು ಉಸಿರಾಟದಷ್ಟೇ ಸಹಜವಾಗಿತ್ತು.

ನಿಮ್ಮಪ್ಪ ತೊದಲು ಮಾತಾಡುತ್ತಿದ್ದ ಕಾಲದಲ್ಲಿ ನಿಮ್ಮ ತಾತನಿಗೆ ಗಂಟಲಲ್ಲಿ ಹುಣ್ಣಾಯಿತು. ಅನ್ನ ಇಳಿಯದಂತಾಯಿತು, ಆಮೇಲೆ ಗಂಜಿಯೂ ಇಳಿಯದಂತಾಯಿತು. ಬೊಂಬಾಯಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಜೊತೆಗಿರಲು ನನ್ನ ಓರಗಿತ್ತಿಯ, ಎಂದರೆ ಭಾವನ ಹೆಂಡತಿಯ, ತಮ್ಮನನ್ನು ಕಳಿಸಿದರು. ನಾನು ಬರುತ್ತೇನೆಂದು ಓರಗಿತ್ತಿಯ ಬಾಯಲ್ಲಿ ಹೇಳಿಸಿದೆ. "ಹೆಂಗಸರಿಗೆ ಅಲ್ಲೇನು ಕೆಲಸ" ಎಂಬ ಉತ್ತರ ಕಂಬದ ಮೂಲಕ ಬಂತು. ಆಪರೇಷನ್ ಆಯಿತು, ಮಾತು ಹೋಯಿತು ಎಂದು ತಿಳಿಯಿತು. ಆಮೇಲೆ ಒಂದು ತಂತಿ ಬಂತು. ತೋಟದ ಲೆಕ್ಕ ಬರೆಯುವ ರೈಟರ್ ಅದನ್ನು ಓದಿ ಹೇಳಿದರು: ಬದುಕುವುದು ಕಷ್ಟ, ಹೆಂಡತಿಯನ್ನು ನೋಡಬೇಕಂತೆ, ಕೂಡಲೇ ಕರೆತನ್ನಿ.

ರೈಲಿನಲ್ಲಿ ಹೋದರೆ ಜೀವ ಸಿಕ್ಕುವುದಿಲ್ಲವೆಂದು ಭಾವ ವಿಮಾನಕ್ಕೆ ಎರಡು ಟಿಕೆಟ್ ಮಾಡಿಸಿದರು. ಅದನ್ನು ಅವರು ಮಾಡಿದರು, ಇಲ್ಲವೆನ್ನುವುದಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಭಾವ ಹೇಳಿಕೊಟ್ಟಿದ್ದನ್ನು ಒಂದೂ ಬಿಡದೆ ಒಪ್ಪಿಸಿದರು.

"ಎಲೆಅಡಿಕೆ ಹಾಕ್ಕಂಡು ಹೋಗಬ್ಯಾಡ. ಉಗಿಯಾಕೆ ಅಲ್ಲಿ ಜಾಗ ಇಲ್ಲ, ನುಂಗಬೇಕಾಯ್ತದೆ."

"ಇಲ್ಲ ಅಕ್ಕ."

"ಪೆಪ್ಪರಮಿಂಟು ತಟ್ಟೇಲಿ ತರ್ತಾರೆ. ಒಂದೇ ತಗೋ. ಹಳ್ಳಿ ಗುಗ್ಗು ಥರ ಸೆರಗೊಡ್ಡಬ್ಯಾಡ."

"ಹೂಂ."

"ವಾಂತಿ ಬಂದ್ರೆ ಕಾಗದದ ಚೀಲ ಐತಂತೆ. ಅತ್ರೆ ಬಾಯಿ ಮುಚ್ಕಂಡು ಅಳು. ಅಯ್ಯೋ ಶಿವನೇ ಅಂತ ರಾಗ ತೆಗೆದ್ಯೋ, ನಿಮ್ಮ ಭಾವನ ಮಾನ ಹೋಯ್ತು ಅಂತ್ಲೇ ತಿಳ್ಕೋ. ಅಲ್ಲಿ ಕೂರೋರೆಲ್ಲ ಸೂಟಿನೋರು ಕಣೇ."

ಹೀಗೆ ಕೆಮ್ಮುವುದರಿಂದ ಹಿಡಿದು ಕಾಲು ಮಡಚುವುದರವರೆಗೆ ಎಲ್ಲ ಹೇಳಿಕೊಟ್ಟರು. ನಾನು ಎಲ್ಲಿ ಕೂರುತ್ತೇನೆ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಬಸ್ಸಿನಲ್ಲಾದರೆ ಹೆಂಗಸರಿಗೆ ಬೇರೆ ಸೀಟು. ಕಾರಿನಲ್ಲಾದರೆ ಭಾವ ಮುಂದೆ ಡ್ರೈವರ್ ಪಕ್ಕ, ನಾನು ಹಿಂದೆ ಗಂಟುಮೂಟೆಯ ಜೊತೆ. ಗಂಡಸಿನ ಮಗ್ಗುಲಲ್ಲಿ ಹೆಂಗಸನ್ನು ಕೂರಿಸಿ ಕರೆದೊಯ್ಯುವ ಗಾಡಿಯೊಂದು ಇರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೆ ಹೊಳೆಯಬೇಕು? ಹೋಗಿ ಬಂದಿದ್ದ ಭಾವನಿಗೆ ಹೊಳೆಯಬಹುದಿತ್ತು.

ಬೆಳಗಿನ ಜಾವವೇ ಹೊರಟೆವು. ದೋಣಿಗಲ್ ದಾಟಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ವಾಂತಿ ಬರುವಂತಾಯಿತು. ತಡೆದುಕೊಂಡೆ. ವಿಮಾನದ ಅಭ್ಯಾಸ ಇಲ್ಲಿಂದಲೇ ಆಗಲಿ ಎಂದುಕೊಂಡೆ. ನಿಮ್ಮ ತಾತನ ಮುಖ ನೋಡುವವರೆಗೆ ನನ್ನಿಂದ ಯಾರಿಗೂ ಒಂದು ತೊಂದರೆಯಾಗಬಾರದು, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ.

ಮಂಗಳೂರಿನ ವಿಮಾನ ನಿಲ್ದಾಣ ಆಗ ಗುಡ್ಡದ ಮೇಲಿನ ಒಂದು ಸಣ್ಣ ಕಟ್ಟಡ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಒಂದು ದೊಡ್ಡ ತೂಕದ ಯಂತ್ರವಿತ್ತು. ಪೆಟ್ಟಿಗೆಗಳನ್ನು ತೂಗಿದಮೇಲೆ ಜನರನ್ನೂ ಅದರ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ನಮ್ಮ ಮನೆಯಲ್ಲಿ ಕಾಫಿ ತೂಗುವ ತಕ್ಕಡಿ ಲಕ್ಷ್ಮಿಗೆ ಸಮ, ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ತಕ್ಕಡಿಯನ್ನು ಮೆಟ್ಟಿ ನಿಲ್ಲು ಅಂದರೆ ನಾನೇನು ಮಾಡಲಿ? ಚಪ್ಪಲಿ ಬಿಟ್ಟು, ಬಗ್ಗಿ ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸೂಟು ತೊಟ್ಟ ಒಬ್ಬರು, ಭಾವನಿಗೆ ಪರಿಚಯದವರು, ಯಾವುದೋ ದೊಡ್ಡ ಎಸ್ಟೇಟಿನ ಯಜಮಾನರು, ನನ್ನ ಕಡೆ ಕೈ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಭಾವ ನನ್ನ ಕಡೆ ನೋಡಲಿಲ್ಲ. "ಸರ್ವೆಂಟ್" ಅಂದರು.

ಇಂಗ್ಲಿಷ್ ನನಗೆ ಬರುವುದಿಲ್ಲ, ಆದರೆ ಆ ಒಂದು ಮಾತು ನಮ್ಮ ಕಡೆ ಕೂಲಿಯವರ ಲೈನಿನಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ವಿಮಾನದ ಕಡೆ ನಡೆದೆ. ಅನ್ನಲಿ ಎಂದುಕೊಂಡೆ. ಸಂಜೆಯ ಹೊತ್ತಿಗೆ ಬೊಂಬಾಯಿ ಮುಟ್ಟಿದರೆ ಸಾಕು.

ವಿಮಾನದ ಬಾಗಿಲು ಬಾಲದ ಕಡೆ ಇತ್ತು. ಒಳಗೆ ಹೋದರೆ ನೆಲ ದಿಬ್ಬದ ಹಾಗೆ ಮೇಲಕ್ಕೆ ಏರುತ್ತಿತ್ತು. ಭಾವ ಮುಂದೆ ಹೋಗಿ ಕಿಟಕಿಯ ಪಕ್ಕ ಕೂತರು. ಬಿಳಿ ಸೀರೆಯ ಹುಡುಗಿಯೊಬ್ಬಳು ನಗುನಗುತ್ತ ಬಂದು ನನ್ನ ಭುಜ ಹಿಡಿದು ಅವರ ಪಕ್ಕದ ಸೀಟು ತೋರಿಸಿದಳು. ಎರಡು ಸೀಟಿಗೂ ಸೇರಿ ನಡುವೆ ಒಂದೇ ಕೈಪಟ್ಟಿ. ಕೂತರೆ ನನ್ನ ತೋಳು ಅವರ ತೋಳಿಗೆ ಬೊಂಬಾಯಿಯವರೆಗೂ ತಾಗಿಕೊಂಡಿರುತ್ತದೆ.

ನಾನು ನಿಂತೆ. ಹುಡುಗಿ ಮತ್ತೆ ಹೇಳಿದಳು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ಬೇರೆಲ್ಲ ಸೀಟುಗಳಿಗೂ ಜನರಿದ್ದರು. ಹಿಂದಿನಿಂದ ಹತ್ತಿದವರು ಮುಂದೆ ಹೋಗಲಾಗದೆ ಗೊಣಗಿದರು. ಭಾವ ಕಿಟಕಿಯ ಕಡೆ ತಿರುಗಿ, "ಕೂತ್ಕೊಳಾಕೆ ಹೇಳಿ" ಅಂದರು. ಯಾರಿಗೆ ಅಂದರೋ! ಹೇಳುವುದಕ್ಕೆ ಅಲ್ಲಿ ಅಕ್ಕನೂ ಇರಲಿಲ್ಲ, ಕಂಬವೂ ಇರಲಿಲ್ಲ. ನೇರವಾಗಿ "ಕೂತ್ಕೋಮ್ಮ" ಎಂಬ ಒಂದೇ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದೆ. ಪದ್ಧತಿ ಮುರಿಯುವುದು ದೊಡ್ಡವರ ಕೈಯಲ್ಲಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಹುಡುಗಿ ಕೂರು ಅನ್ನುತ್ತಿದ್ದಾಳೆ, ಭಾವನೂ ಕೂರಿಸಿ ಅನ್ನುತ್ತಿದ್ದಾರೆ. ನಾನು ಮನೆಯಲ್ಲಿ ಕೂರುವ ಹಾಗೆ, ಸೀಟುಗಳ ನಡುವಿನ ದಾರಿಯಲ್ಲಿ, ಭಾವನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೆ. ಸೆರಗು ಹೊದ್ದು, ನನ್ನ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡೆ. ಎಲ್ಲ ಸರಿಹೋಯಿತು ಎಂದೇ ಎಣಿಸಿದ್ದೆ. ಇಡೀ ವಿಮಾನ ನಕ್ಕಿತು. ಮುಂದಿನ ಸಾಲಿನಿಂದ ಸೂಟಿನ ಯಜಮಾನರು ಎದ್ದು ನಿಂತು ನೋಡಿದರು.

ಹಿಂದಿನ ಸೀಟಿನಲ್ಲಿ ಸಕಲೇಶಪುರದ ಕಾಫಿ ವ್ಯಾಪಾರದ ಸಾಹೇಬರು ಹೆಂಡತಿಯ ಜೊತೆ ಕೂತಿದ್ದರು. ನಮ್ಮ ಮನೆಗೆ ಕಾಫಿ ಕೊಳ್ಳಲು ಬರುತ್ತಿದ್ದವರು, ನನ್ನನ್ನು ಅಂಗಳದಲ್ಲಿ ಕಂಡು ಬಲ್ಲವರು. ಅವರಿಗೆ ನನ್ನ ಕಷ್ಟ ನೋಡಿದ ಕೂಡಲೇ ಅರ್ಥವಾಯಿತು.

"ಗೌಡ್ರೇ, ನಾನು ನಿಮ್ಮ ಪಕ್ಕ ಬತ್ತೀನಿ. ತಂಗ್ಯಮ್ಮ ಇಲ್ಲಿ ನಮ್ಮನೆಯವಳ ಜೊತೆ ಕೂತ್ಕೊಳ್ಲಿ. ನಿಮ್ಮ ತಮ್ಮನ ಹೆಂಡ್ತಿ ನಿಮ್ಮ ಪಕ್ಕ ಎಂಗೆ ಕೂರ್ತಾರೆ, ಪಾಪ!"

ಎಲ್ಲರಿಗೂ ಕೇಳುವಂತೆಯೇ ಹೇಳಿದರು, ಅವರ ದನಿಯೇ ಹಾಗೆ. ನಾನು ಗಂಟು ಹಿಡಿದು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಸೂಟಿನ ಯಜಮಾನರು ಈ ಸಲ ಕನ್ನಡದಲ್ಲೇ ಕೂಗಿದರು.

"ತಮ್ಮನ ಹೆಂಡ್ತಿಯೇನ್ರೀ? ಅಲ್ರೀ, ಸರ್ವೆಂಟ್ ಅಂದ್ರಲ್ಲ ಮಾರಾಯ್ರೇ!"

ಭಾವನ ಕಿವಿ ಕೆಂಪಾದದ್ದು ತಿರುಗಿದ ನನಗೆ ಕೆಳಗಿನಿಂದ ಕಾಣಿಸಿತು. ಸಾಹೇಬರ ಜಾಗಕ್ಕೆ ನಾನು ಹೋಗಿ ಕೂತರೆ ನಾನು ತಮ್ಮನ ಹೆಂಡತಿ ಎಂದು ಭಾವ ಒಪ್ಪಿದಂತಾಗುತ್ತಿತ್ತು. ಮನೆಯ ಸೊಸೆಯನ್ನು ಆಳು ಅಂದವರು ಎಂದು ಮಂಗಳೂರಿನಿಂದ ಮೂಡಿಗೆರೆಯವರೆಗೆ ಜನ ನಗುತ್ತಿದ್ದರು. ಭಾವ ಎದ್ದು ನಿಂತು ಆ ಹುಡುಗಿಯನ್ನು ಕರೆದು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಹೇಳುತ್ತ ಬೆರಳಿನಿಂದ ತಮ್ಮ ಹಣೆಯ ಪಕ್ಕಕ್ಕೆ ತಟ್ಟಿಕೊಂಡರು. ಅದಕ್ಕೆ ಯಾವ ಭಾಷೆಯೂ ಬೇಡ. ಸಾಹೇಬರು "ಅಲ್ಲ ಗೌಡ್ರೇ" ಎಂದು ಬಾಯಿ ತೆರೆದವರು ಭಾವನ ಮುಖ ನೋಡಿ ಮುಚ್ಚಿದರು.

ಇನ್ನೊಬ್ಬ ನೌಕರ ಬಂದ. ಇಬ್ಬರೂ ಸೇರಿ ನನ್ನನ್ನು ಎಬ್ಬಿಸಿದರು, ಒರಟಾಗಿಯಲ್ಲ, ಬಹಳ ಮೆತ್ತಗೆ. ಬಾಗಿಲವರೆಗೆ ಇಳಿಜಾರು, ಕಾಲು ತಾನಾಗಿಯೇ ಹೋಗುತ್ತಿತ್ತು. ಮೆಟ್ಟಿಲ ಬಳಿ ನಾನು ಆ ಹುಡುಗಿಯ ಕೈ ಹಿಡಿದುಕೊಂಡೆ.

"ನಮ್ಮನೆಯವ್ರು ಸಾಯ್ತಾವ್ರೆ ಕಣವ್ವ. ನಾನು ನಿಂತ್ಕಂಡೇ ಬತ್ತೀನಿ."

ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನಕ್ಕಳು. ಚೆಂದದ ನಗು, ಕಲಿಸಿಕೊಟ್ಟದ್ದು. ತಟ್ಟೆಯಿಂದ ಒಂದು ಪೆಪ್ಪರಮಿಂಟು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. ನಾನು ಒಂದೇ ತೆಗೆದುಕೊಂಡೆ.

ಡ್ರೈವರ್ ಇನ್ನೂ ಹೊರಟಿರಲಿಲ್ಲ. ವಿಮಾನ ಏರುವುದನ್ನು ನೋಡಿಕೊಂಡು ಹೋಗೋಣವೆಂದು ಬೇಲಿಯ ಬಳಿ ನಿಂತಿದ್ದ. ನನ್ನನ್ನು ಕಂಡು ಬೀಡಿ ಬಿಸಾಡಿದ. "ಯಾಕಮ್ಮಾವ್ರೇ?" ಅಂದ. ಏನು ಹೇಳಲಿ? ನಾವಿಬ್ಬರೂ ನಿಂತು ನೋಡಿದೆವು, ವಿಮಾನ ಧೂಳೆಬ್ಬಿಸಿಕೊಂಡು ಓಡಿ, ಎದ್ದು, ಸಮುದ್ರದ ಕಡೆ ತಿರುಗಿತು. ನನ್ನ ಸೀಟು ಖಾಲಿಯೇ ಹೋಯಿತು.

ನಿಮ್ಮ ತಾತ ಮರುದಿನ ಹೋದರು. ಅಲ್ಲಿಯೇ ಬೆಂಕಿ ಕೊಟ್ಟು ಭಾವ ಬೂದಿ ತಂದರು. ನನ್ನ ಬಳೆ ಒಡೆದರು, ಕುಂಕುಮ ಒರೆಸಿದರು, ಮೂಲೆಯಲ್ಲಿ ಕೂರಿಸಿದರು. ನನಗೆ ತಿಳಿಯಬೇಕಿದ್ದದ್ದು ಒಂದೇ: ಅವರು ನನ್ನನ್ನು ಕೇಳಿದರೋ, ಕೇಳಿದಾಗ ಭಾವ ಏನೆಂದು ಹೇಳಿದರು? ಕೇಳುವುದಕ್ಕೆ ಯಾರೂ ಇರಲಿಲ್ಲ. ಅಕ್ಕನನ್ನು ಕೇಳಿದರೆ, "ಅದೆಲ್ಲ ಈಗ ಯಾಕೆ, ಸುಮ್ಕಿರು" ಎಂದರು.

ತಿಥಿಯ ದಿನ ಗೊತ್ತಾಯಿತು. ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ. ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕೂತಿದ್ದರು. ಬೊಂಬಾಯಿಯಲ್ಲಿ ಜೊತೆಗಿದ್ದ ಅಕ್ಕನ ತಮ್ಮ ನೆಂಟರಿಗೆ ಅಲ್ಲಿಯ ಕಥೆ ಹೇಳುತ್ತಿದ್ದ.

"ಬಾಯಿ ಬರ್ತಿರ್ನಿಲ್ಲ ನೋಡಿ, ಬರೀ ಸನ್ನೆ. ನಮ್ ಭಾವ ಒಳೀಕೆ ಬಂದೇಟ್ಗೆ ಮಲಗಿದ್ದೋರು ಹಿಂಗೆ ಮಾಡಿದ್ರು." ಕತ್ತಿನ ಸುತ್ತ ಬೆರಳಾಡಿಸಿ ತಾಳಿ ತೋರಿಸಿದ. "ಹೆಂಡ್ತಿ ಎಲ್ಲಿ ಅಂತ."

"ಆಮ್ಯಾಲೆ?"

"ಭಾವ ಕಿವೀಲಿ ಕೂಗಿದ್ರು. ಅವ್ಳು ವಿಮಾನ ಕಂಡು ಹೆದರ್ಕಂಡ್ಳು ಕಣೋ, ಬರಲ್ಲ ಅಂತ ಇಳಿದು ಓಡೋಗ್ಬುಟ್ಳು ಅಂತ."

ಯಾರೋ ಕಿಸಕ್ಕೆಂದರು. "ಪುಕ್ಕಲು ಮುಂಡೇದು!" ಎಂದಿತು ಇನ್ನೊಂದು ದನಿ.

"ಅವ್ರು ಇನ್ನೊಂದ್ಸಲ ಹಿಂಗೆ ಮಾಡಿದ್ರು. ಭಾವ ತಲೆ ಅಲ್ಲಾಡಿಸಿದ್ರು. ಗ್ವಾಡೆ ಕಡೆ ತಿರುಗಿ ಮಲಗಿದೋರು ಮತ್ತೆ ಈ ಕಡೆ ತಿರುಗ್ನಿಲ್ಲ. ಪಾಯಸ ಇನ್ನೊಂಚೂರು ಬಿಡ್ರವ್ವ ಇಲ್ಲಿ."

ಬಾಗಿಲ ಹಿಂದಿನಿಂದ ಜಗಲಿಯವರೆಗೆ ನಾನು ಹೇಗೆ ಹೋದೆನೋ ನನಗೆ ನೆನಪಿಲ್ಲ. ಊಟ ಮುಗಿಸಿದ ಭಾವ ಊರಿನ ಹಿರಿಯರ ಜೊತೆ ಜಗಲಿಯ ಬೆಂಚಿನ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಹೋಗಿ ಅದೇ ಬೆಂಚಿನ ಮೇಲೆ ಕೂತೆ. ನಿಂತರೆ ಬೀಳುತ್ತಿದ್ದೆ, ಅದಕ್ಕೆ ಕೂತೆ. ಅವರ ಮುಖ ನೋಡಿ, ಜೀವಮಾನದಲ್ಲಿ ಮೊದಲ ಸಲ ಅವರಿಗೆಂದೇ ಮಾತಾಡಿದೆ.

"ಭಾವ, ನಾನು ಹೆದರ್ನಿಲ್ಲ. ನೀವು ನನ್ನ ಆಳು ಅಂದ್ರಿ. ಹುಚ್ಚಿ ಅಂತ ಇಳಿಸಿದ್ರಿ. ಅವರಿಗೆ ಯಾಕೆ ಹಂಗೆ ಹೇಳಿದ್ರಿ?"

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಗಳೆಲ್ಲ ನಿಂತವು. ಭಾವ ಸುಟ್ಟವರಂತೆ ಎದ್ದು ದೂರ ಸರಿದರು. ಹಿರಿಯರೊಬ್ಬರು, "ಏನ್ ಕಾಲ ಬಂತಪ್ಪ, ಭಾವನ ಸಮಕ್ಕೆ ಕೂತವ್ಳಲ್ಲ!" ಎಂದರು. ಇನ್ನೊಬ್ಬರು, "ಮಾತೂ ಆಡ್ಬುಟ್ಳು ಕಣೋ, ಕಣ್ಣಲ್ಲಿ ಕಣ್ಣಿಟ್ಟು" ಎಂದರು. ಹೆಂಗಸರು ಓಡಿಬಂದು ತೋಳು ಹಿಡಿದು ಒಳಗೆಳೆದರು. ಅಕ್ಕ ನನ್ನ ಕೆನ್ನೆಗೆ ಹೊಡೆದರು.

"ಗಂಡನ ಬೂದಿ ಆರಿಲ್ಲ, ಬೆಂಚ್ ಬೇಕಾಯ್ತೇನೇ ನಿಂಗೆ?"

"ಅಕ್ಕ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ಕೊಳಾದೇನು? ಊರೆಲ್ಲ ನೋಡ್ತಲ್ಲ!"

ಅದೇ ಆದದ್ದು. ಎಲ್ಲರೂ ನೋಡಿದರು. ನಾನು ಕೂತದ್ದನ್ನು ನೋಡಿದರು, ಹೇಳಿದ್ದನ್ನು ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಭಾವ ಸ್ನಾನ ಮಾಡಿ ಬಂದರು. ಬೆಂಚನ್ನು ತೊಳೆಸಿದರು.

ಕೆಲವು ತಿಂಗಳ ನಂತರ ಕಾಫಿ ನೋಡಲು ಆ ಸಾಹೇಬರು ಬಂದರು. ಕಣದಲ್ಲಿ ನಾನೊಬ್ಬಳೇ ಇದ್ದೆ. ನನ್ನ ಬಳೆಯಿಲ್ಲದ ಕೈ ನೋಡಿ, ಹಿಡಿದಿದ್ದ ಕಾಫಿ ಬೀಜವನ್ನು ಮತ್ತೆ ರಾಶಿಗೆ ಹಾಕಿದರು.

"ತಂಗ್ಯಮ್ಮ, ನಾನು ಅವತ್ತು ಬಾಯಿ ಮುಚ್ಕಂಡಿದ್ರೆ ನಿಮ್ಮನ್ನ ಇಳಿಸ್ತಿರ್ನಿಲ್ಲ ಅನ್ಸುತ್ತೆ."

"ನೀವು ಒಳ್ಳೇದಕ್ಕೇ ಹೇಳಿದ್ರಿ ಸಾಹೇಬ್ರೇ. ನಡೆದಿದ್ದನ್ನ ಈಗ ನಾಲ್ಕು ಜನಕ್ಕೆ ಹೇಳಿ, ಅಷ್ಟು ಮಾಡಿ."

ಅವರು ತಲೆಯ ಟೋಪಿ ಸರಿಮಾಡಿಕೊಂಡರು. "ನಿಮ್ಮ ಭಾವನ ಕಾಫಿ ನಂಗೆ ಬೇಕಲ್ಲಮ್ಮ" ಎಂದರು. ಸುಳ್ಳು ಹೇಳಲಿಲ್ಲ. ಆ ಒಂದು ಕಾರಣಕ್ಕೆ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಭಾವನೂ ಹೋದರು, ಅಕ್ಕನೂ ಹೋದರು, ಸಾಹೇಬರೂ ಇಲ್ಲ. ಹೆದರಿ ಓಡಿಹೋದಳು ಎಂಬ ಮಾತು ಮಾತ್ರ ಚೆನ್ನಾಗಿ ಬದುಕಿದೆ. ನಿಮ್ಮ ತಾತನಿಗೆ ಅದು ಸುಳ್ಳೆಂದು ಹೇಳುವ ಕಾಲ ಮುಗಿದುಹೋಯಿತು. ಅವರು ಅದನ್ನು ನಂಬಿಕೊಂಡೇ ಗೋಡೆಗೆ ಮುಖ ಮಾಡಿದರು, ಅದನ್ನು ನಾನಾಗಲಿ ನೀವಾಗಲಿ ತಿರುಗಿಸುವ ಹಾಗಿಲ್ಲ. ಅವರ ರಕ್ತ ಹಂಚಿಕೊಂಡವರು ನೀವಿಬ್ಬರು, ನಿಮಗಾದರೂ ತಿಳಿದಿರಲಿ.

ದೊಡ್ಡಮನೆಯ ಅತ್ತೆಯ ಜೊತೆ ಇದಕ್ಕಾಗಿ ಜಗಳ ಮಾಡಬೇಡಿ, ಅವಳು ಕೇಳಿದ್ದನ್ನು ಹೇಳಿದ್ದಾಳೆ. ನಿಮ್ಮಪ್ಪನಿಗೆ ಓದಲು ಮನಸ್ಸಿದ್ದರೆ ಕೊಡಿ. ನಾನು ಹೋದಮೇಲೆ ಮನೆ ಸಾರಿಸುವವರು ಹಳೆಯ ಕಾಗದವೆಂದು ಇದನ್ನು ಒಲೆಗೆ ಹಾಕಲು ನೋಡುತ್ತಾರೆ, ಹಾಕಲು ಬಿಡಬೇಡಿ. ಇಲಿ, ಗೆದ್ದಲು ಮುಟ್ಟದ ಕಡೆ, ಒದ್ದೆಯಾಗದ ಕಡೆ ಇಡಿ. ಇಬ್ಬರಲ್ಲಿ ಒಬ್ಬರ ಕೈಯಲ್ಲಾದರೂ ಈ ಹಾಳೆಗಳು ಯಾವಾಗಲೂ ಇರಲಿ.